ಬಿಡಿ ಎನ್ನುವ ಸಾಲು

ಜೂನ್ ಬಂತೆಂದರೆ ಬೈತಖೋಲದ ಬೋಟುಗಳಿಗೆ ರಜೆ,
ಐಸ್ ಫ್ಯಾಕ್ಟರಿಯ ಟೋಕನ್ ಕೌಂಟರಿನಲ್ಲಿ ಕೂತ ನನಗೂ ಅರೆ ರಜೆ.
ಹಳೆಯ ಲ್ಯಾಪ್‌ಟಾಪು. ‘ಕ’ ಒತ್ತಿದರೆ ಎರಡು ಸಲ ಬೀಳುತ್ತದೆ.
ಅದರಲ್ಲೇ ಬರೆದೆ ಆಟ.

ನೀಲಿ ಚೌಕ, ಅದು ಸಮುದ್ರ.
ಅರ್ಧಚಂದ್ರದ ಗೆರೆ, ಅದು ರಂಪಣಿ ಬಲೆ.
ಎಡದಡಕ್ಕೊಂದು ಹಗ್ಗ, ಬಲದಡಕ್ಕೊಂದು.
ಲಿಂಕ್ ತೆರೆದವರು ಒಂದೊಂದು ಚುಕ್ಕೆ,
ಹೆಬ್ಬೆರಳು ಒತ್ತಿ ಹಿಡಿದಷ್ಟು ಹೊತ್ತು ಎಳೆತ.
ಎರಡೂ ಕಡೆ ಸಮವಾದರೆ ಮೀನು ದಡಕ್ಕೆ,
ಒಂದು ಕಡೆ ಜೋರಾದರೆ ಬಲೆ ಓರೆ, ಬಂಗಡೆ ಪಾರು.

ಮೊದಲು ಆಡಿದ್ದು ಸ್ಮಿತಲ್,
ಕಾಳಿ ಹೊಳೆಯಾಚೆ ಮಾಜಾಳಿಯಲ್ಲಿ, ಅತ್ತೆಯ ಮಗಳು.
‘ಹದಿನಾಲ್ಕು ಬಂಗಡೆ!’ ಅಂದೆ ಫೋನಿನಲ್ಲಿ.
‘ಎಲ್ಲಿ? ಬಲೆ ಇನ್ನೂ ನೀರಲ್ಲೇ ಇದೆ’ ಅಂದಳು.
ಒಂದೇ ಸಮುದ್ರ ಬರೆದಿದ್ದೆ ನಾನು,
ಅವಳ ಕೈಲಿ ಒಂದು, ನನ್ನ ಕೈಲಿ ಇನ್ನೊಂದು.
ಅವರವರ ಮೀನು ಅವರವರೇ ಎಣಿಸಿಕೊಂಡರೆ
ಮೀನುಪೇಟೆಯಲ್ಲೂ ಜಗಳವೇ.

ರಾತ್ರಿಯಿಡೀ ಕೂತೆ. ಬೆಳಗಿನ ಜಾವ ಹೊಳೆಯಿತು:
ಫೋನು ಎಣಿಸಕೂಡದು. ‘ಎಳೆದೆ’ ಅಂತಷ್ಟೇ ಹೇಳಬೇಕು.
ಮುಂಬೈಯಲ್ಲೆಲ್ಲೋ ನಾನು ಬಾಡಿಗೆ ಕಟ್ಟುವ ಸರ್ವರು
ಎಲ್ಲರ ‘ಎಳೆದೆ’ ಕೂಡಿಸಿ
ಸೆಕೆಂಡಿಗೆ ಇಪ್ಪತ್ತು ಸಲ ಎಲ್ಲರಿಗೂ ಸಾರಬೇಕು:
ಬಲೆ ಇಲ್ಲಿದೆ, ಬಲೆ ಇಲ್ಲಿದೆ, ಈಗ ಇಲ್ಲಿ.

ದೊಡ್ಡಪ್ಪ ಚಾ ಹೀರುತ್ತ ಕೇಳಿದ, ನಕ್ಕ.
‘ಇದಕ್ಕೆ ಒಂದು ರಾತ್ರಿ ಬೇಕಾಯಿತೇ ನಿನಗೆ?
ಮರಳ ಮೇಲೆ ನಿಂತು ಕೂಗುವವ
ಹಗ್ಗ ಯಾಕೆ ಮುಟ್ಟುವುದಿಲ್ಲ ಅಂದುಕೊಂಡಿದ್ದೆ?’

ಭಾನುವಾರ ನಲವತ್ತೊಂದು ಚುಕ್ಕೆ.
ದೇವಬಾಗ, ಕೋಡಿಬಾಗ, ಮುದಗಾ,
ಮಂಗಳೂರಿನ ಟಗ್ಗಿನ ಮೇಲಿಂದ ವಿಜಯಪುರದ ಅಡುಗೆಯವನೊಬ್ಬ,
ಅವನ ಎಳೆತ ಯಾವಾಗಲೂ ಅರೆಗಳಿಗೆ ತಡ,
ಆದರೂ ಬಲೆ ಅವನನ್ನು ಲೆಕ್ಕಕ್ಕೆ ಹಿಡಿಯಿತು.
ಒಂಬತ್ತಕ್ಕೆ ಹುಡುಗರು ಊಟಕ್ಕೆ ಎದ್ದರು.
ನಾನೂ ಒಣಸಿಗಡಿ ಸಾರಿಗೆ ಅನ್ನ ಕಲಸಿದೆ.

ಹನ್ನೊಂದೂವರೆಗೆ ಸುಮ್ಮನೆ ಲಾಗ್ ತೆರೆದರೆ
ಎಳೆದೆ. ಎಳೆದೆ. ಎಳೆದೆ.
ಒಂದೇ ಹೆಸರು, ಬಲಗಡೆ ಹಗ್ಗ:
ಪುರ್ಸು ತಾಂಡೇಲ.

ಟಾರ್ಚ್ ಹಿಡಿದು ಮೂರು ಓಣಿ ದಾಟಿ ಹೋದೆ.
ಮೊಮ್ಮಗಳ ಒಡೆದ ಗಾಜಿನ ಫೋನು, ಚಾರ್ಜರಿಗೆ ಸಿಕ್ಕಿಸಿದೆ,
ಹೆಬ್ಬೆರಳ ಉಗುರು ಬೆಳ್ಳಗಾಗಿದೆ.
ಪರದೆಯಲ್ಲಿ ನಲವತ್ತೊಂದು ಚುಕ್ಕೆ ಹಾಗೇ ನಿಂತಿವೆ.
ಎದ್ದು ಹೋದವರನ್ನು ಅಳಿಸಲು ನಾನು ಮರೆತಿದ್ದೆ.

‘ಎಲ್ಲರೂ ಇದ್ದಾರಲ್ಲ’ ಅಂದ, ಕಣ್ಣೆತ್ತದೆ.
‘ಮೀನು ಭಾರವಿರಬೇಕು, ಜಗ್ಗುತ್ತಿಲ್ಲ.
ಬಿಡಿ ಅಂತ ಯಾರೂ ಕೂಗಿಲ್ಲ.
ನಾನು ಬಿಟ್ಟೆನೋ, ಆ ಕಡೆಯವರ ಗತಿ?’

ಆ ಕಡೆ ಯಾರೂ ಇರಲಿಲ್ಲ.
ಹೇಳಲು ನಾಲಗೆ ಏಳಲಿಲ್ಲ.
‘ಮಾಮಾ, ಸೋಡಾ’ ಅಂದೆ, ದಡದ ಕೊಂಕಣಿಯಲ್ಲಿ.
ಅವನು ಬೆರಳೆತ್ತಿದ. ಕೈ ಕೊಡವಿದ. ನೀರು ಕೇಳಿದ.

ಸೇರುವುದು ಬರೆದಿದ್ದೆ, ಎಳೆಯುವುದು ಬರೆದಿದ್ದೆ,
ಎಣಿಸುವುದಕ್ಕಂತೂ ಮುನ್ನೂರು ಸಾಲು.
ಬಿಡುವುದಕ್ಕೆ ಒಂದೂ ಇರಲಿಲ್ಲ.

ಬೆಳಿಗ್ಗೆ ಕೌಂಟರು ತೆರೆಯುವ ಮೊದಲು ಸೇರಿಸಿದೆ.
ಈಗ ಬಲೆ ದಡ ಮುಟ್ಟಿದೊಡನೆ, ಅಥವಾ ಒಂದು ಕಡೆ ಬರಿದಾದೊಡನೆ,
ಎಲ್ಲರ ಪರದೆಗೂ ದಪ್ಪ ಅಕ್ಷರ: ಸೋಡಾ.
ಟಗ್ಗಿನ ಅಡುಗೆಯವ ಬರೆದ: ‘ಆಟ ಮುಗಿದ ಮೇಲೆ
ಸೋಡಾ ಸರಿ ಅಕ್ಕಾ, ಲಿಂಬು ಎಲ್ಲಿ?’

ಮರುವಾರ ಲಾಗ್ ನೋಡಿದೆ.
ನಲವತ್ತು ಜನ ಕೂಗಿದೊಡನೆ ಬಿಟ್ಟಿದ್ದಾರೆ.
ಪುರ್ಸು ತಾಂಡೇಲ ಮಾತ್ರ ಎರಡು ಸೆಕೆಂಡು ತಡ.
ನೆಟ್‌ವರ್ಕಿನ ದೋಷವೋ, ಕೈಯ ರೂಢಿಯೋ,
ಲಾಗ್ ಹೇಳುವುದಿಲ್ಲ.
ಆ ಎರಡು ಸೆಕೆಂಡು ತಿದ್ದಲು ನಾನು ಹೋಗಲಿಲ್ಲ.